ಮುದ್ದೆ ತಿನ್ನೋರಿಗೆ ಗೋಧಿ ಕಾಯಿಲೆ ಬರಲ್ವಂತೆ

"ಏನ್ ಸಾರ್, ಮೇಡಂ ಕೈಗೆ ಮೊಬೈಲ್ ಜಾಸ್ತಿ ಕೊಟ್ಟುಬಿಟ್ಟಿದ್ದೀರಾ?"

ಡಾಕ್ಟರು ಕೇಳಿದ್ದು ನನ್ನನ್ನಲ್ಲ, ನಮ್ಮ ಯಜಮಾನರನ್ನು. ಕೀಲುವಾತ ಇರೋದು ನನಗೆ. ಚೀಟಿಯಲ್ಲಿರೋ ಹೆಸರು ನನ್ನದು. ಬಾಗಿಲು ಅರ್ಧ ತೆರೆದಿತ್ತು, ಮುಂದಿನ ಟೋಕನ್ನಿನವರು ಆಗಲೇ ಒಳಗೆ ಕಾಲಿಟ್ಟಿದ್ದರು. ಅವರು ನಕ್ಕರು. ಕಂಪ್ಯೂಟರ್ ಮುಂದಿದ್ದ ಹುಡುಗಿ ನಕ್ಕಳು. ಯಜಮಾನರೂ ಹಲ್ಲು ಬಿಟ್ಟರು! ನಾನು ಊದಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದೆ. ಯಾಕೆ ಮುಚ್ಚಿಕೊಂಡೆನೋ.

ನಾನು ಕೇಳಿದ್ದಾದರೂ ಏನು? ಸೀಲಿಯಾಕ್ ಟೆಸ್ಟ್ ಮಾಡಿಸಬಹುದಾ ಅಂತ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾಯಿತು, ಹಿಮೋಗ್ಲೋಬಿನ್ ಮಾತ್ರ ಏಳುತ್ತಿಲ್ಲ. ಹೊಟ್ಟೆ ಉಬ್ಬರ ಬೇರೆ. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಒಳಗೆ ಹೋದರೆ ಮೈಯೇ ತನ್ನ ಸಣ್ಣ ಕರುಳನ್ನು ಹಾಳು ಮಾಡಿಕೊಳ್ಳುವ ಕಾಯಿಲೆ ಅದು. ಮೈಯೇ ಕೀಲುಗಳ ಮೇಲೆ ತಿರುಗಿಬೀಳೋ ನನ್ನ ವಾತವೂ ಅದೇ ಜಾತಿ ತಾನೇ? ಭೇದಿ ಆಗಲೇಬೇಕು ಅಂತೇನಿಲ್ಲ, ಬರೀ ರಕ್ತ ಕಮ್ಮಿ, ಸುಸ್ತು, ಕೀಲುನೋವಾಗಿಯೂ ಕಾಣಿಸಬಹುದು.

"ಮಂಡ್ಯದವರು, ಮುದ್ದೆ ತಿನ್ನೋರು ನೀವು. ಅದು ಪಂಜಾಬ್ ಕಡೆಯವರ ಕಾಯಿಲೆ ಅಮ್ಮಾ."

ಉತ್ತರದಲ್ಲಿ ಜಾಸ್ತಿ, ನಮ್ಮಲ್ಲಿ ಕಮ್ಮಿ, ಒಪ್ಪಿದೆ. ಆದರೆ "ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ" ಅಂತ ಬರೆದುಕೊಟ್ಟಿದ್ದು ಇದೇ ಆಸ್ಪತ್ರೆ! ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬೇಕರಿ ಬನ್ನು. ಇಂಗಿನ ಡಬ್ಬಿ ತಿರುಗಿಸಿ ನೋಡಿ, ಅದರಲ್ಲೂ ಗೋಧಿ ಹಿಟ್ಟು. ಮುದ್ದೆ ಎಲ್ಲಿದೆ ಸ್ವಾಮಿ?

ಹೋಗಲಿ, ಅವರದ್ದೂ ತಪ್ಪಿಲ್ಲ ಬಿಡಿ. ವಾತ ಇದ್ದವರಿಗೆಲ್ಲ ಆ ಟೆಸ್ಟ್ ಮಾಡಲೇಬೇಕು ಅಂತ ನಿಯಮವಿಲ್ಲ. ವಾತದಿಂದಲೇ ರಕ್ತ ಕಮ್ಮಿ ಆಗುತ್ತದೆ, ನೋವಿನ ಮಾತ್ರೆಯಿಂದಲೂ ಆಗುತ್ತದೆ. ಹೊರಗೆ ಅಷ್ಟು ಜನ ಕಾಯುತ್ತಿದ್ದರು.

ಇಲ್ಲ, ತಪ್ಪಿದೆ! ಕೊನೆಗೆ ಏನು ಹೇಳಿದರು ಗೊತ್ತಾ? "ಅಷ್ಟು ಅನುಮಾನ ಇದ್ದರೆ ಎರಡು ತಿಂಗಳು ಗೋಧಿ ಬಿಡಿ, ಆಮೇಲೆ ಟೆಸ್ಟ್ ನೋಡೋಣ." ಗೋಧಿ ಬಿಟ್ಟರೆ ಟೆಸ್ಟ್‌ನಲ್ಲಿ ಹುಡುಕೋ ಆಂಟಿಬಾಡಿ ರಕ್ತದಲ್ಲಿ ಇಳಿದುಹೋಗುತ್ತದೆ. ಕಾಯಿಲೆ ಇದ್ದರೂ ಟೆಸ್ಟ್‌ನಲ್ಲಿ ಇಲ್ಲ ಅಂತ ಬರಬಹುದು. ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೊಬೈಲ್ ನೋಡಿದವಳಿಗೆ ಇದು ಗೊತ್ತು!

ಸಮಾಧಾನ ಮಾಡೋಕೆ ಯಜಮಾನರು ರೈಲಿನಲ್ಲಿ ಮದ್ದೂರು ವಡೆ ಕೊಡಿಸಿದರು. ಮೈದಾ, ರವೆ ಎರಡೂ ಇರೋದು. ಮುಖ ತಿರುಗಿಸಿಕೊಂಡೇ ತಿಂದೆ. ಟೆಸ್ಟ್‌ಗೆ ಬೇಕಲ್ವಾ? ಇನ್ನೊಂದೂ ತಿಂದೆ. ವಿಜ್ಞಾನಕ್ಕೋಸ್ಕರ.

ಮೈಸೂರಲ್ಲಿ ವಾತ ಇದ್ದು ಟಿಟಿಜಿ ಐಜಿಎ ಅನ್ನೋ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸಿದವರು ಯಾರಾದರೂ ಇದ್ದೀರಾ? ಜೊತೆಗೆ ಐಜಿಎ ಅನ್ನೋ ಆಂಟಿಬಾಡಿ ರಕ್ತದಲ್ಲಿ ಒಟ್ಟು ಎಷ್ಟಿದೆ ಅಂತಲೂ ನೋಡಿದರಾ? ಅದೇ ಕಮ್ಮಿ ಇದ್ದರೆ ಈ ಟೆಸ್ಟ್ ನಂಬೋ ಹಾಗಿಲ್ಲವಂತೆ. ಡಾಕ್ಟರ ಚೀಟಿ ಇಲ್ಲದೆ ಲ್ಯಾಬಿನವರು ರಕ್ತ ತಗೋತಾರಾ? ನೀವೂ ನಗೋದಾದರೆ ಬೇಡ, ಸುಮ್ನಿರಿ. ಅಲ್ಲ, ನಕ್ಕಾದರೂ ಹೇಳಿ.