ಜಮೀನ್ದಾರಿ ಹೋದರೂ ಹೋಗದ ಬಡತನ

ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಹುಡುಗರನ್ನು ನೋಡಿ "ಆ ರಾಜ್ಯದ ಜನವೇ ಅಷ್ಟು, ಉದ್ಧಾರ ಆಗಲ್ಲ" ಅನ್ನುವ ಮಾತು ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಬರುತ್ತದೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅವರೆಲ್ಲ ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ ಅವರ ಕೆಲಸವನ್ನು ಒಮ್ಮೆ ನೋಡಬೇಕು. ಅಭಿಜಿತ್ ಬ್ಯಾನರ್ಜಿ ಜೊತೆ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸರಳ ಪ್ರಶ್ನೆಯಿಂದ ಹೊರಡುತ್ತದೆ: ಬ್ರಿಟಿಷರ ಕಾಲದಲ್ಲಿ ಯಾವ ಜಿಲ್ಲೆಯ ಕಂದಾಯ ಯಾರ ಕೈಯಲ್ಲಿತ್ತು?

ಬಂಗಾಳ, ಬಿಹಾರಗಳಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1793ರಲ್ಲಿ ಖಾಯಂ ಜಮೀನ್ದಾರಿ ತಂದ. ಸರ್ಕಾರಕ್ಕೆ ಸಲ್ಲಬೇಕಾದ ಮೊತ್ತ ನಿಗದಿಯಾಗಿತ್ತು. ಒಕ್ಕಲಿನಿಂದ ಎಷ್ಟು ಕೀಳಬೇಕೆನ್ನುವುದು ಬಹುಮಟ್ಟಿಗೆ ಜಮೀನ್ದಾರನ ಮರ್ಜಿ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಬೇರೆ ದಾರಿ ಹಿಡಿದ. ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ, ನಮ್ಮ ಬಳ್ಳಾರಿಯೂ ಸೇರಿದ್ದ ದತ್ತಮಂಡಲದಲ್ಲಿ 1800ರಿಂದ 1807ರವರೆಗೆ ಕಲೆಕ್ಟರ್ ಆಗಿದ್ದವನು ಹೊಲಗಳನ್ನು ಅಳೆಸಿ, ನೇರವಾಗಿ ರೈತನಿಗೇ ಕಂದಾಯ ಕಟ್ಟಿದ. ರೈತವಾರಿ ಎನ್ನುವ ಈ ಪದ್ಧತಿಯ ಹೊರೆಯೂ ಕಡಿಮೆ ಇರಲಿಲ್ಲ, ಅದನ್ನು ಹೊಗಳುತ್ತಿಲ್ಲ. ಆದರೆ ಅಲ್ಲಿ ಸರ್ಕಾರಕ್ಕೂ ರೈತನಿಗೂ ನಡುವೆ ಕಂದಾಯ ಎತ್ತುವ ಧಣಿ ಇರಲಿಲ್ಲ.

ಒಂದು ಅನುಮಾನ ಸಹಜ. ಮೊದಲೇ ಬಡವಾಗಿದ್ದ ಸೀಮೆಗೇ ಜಮೀನ್ದಾರಿ ಬಂದಿದ್ದರೆ? ಈ ಅಧ್ಯಯನದಲ್ಲಿ ನನಗೆ ಬಹಳ ಹಿಡಿಸಿದ್ದು ಇದಕ್ಕೆ ಅವರು ಕಂಡುಕೊಂಡ ಉತ್ತರ. ಯಾವ ಪದ್ಧತಿ ಬಂತು ಅನ್ನುವುದು ಆ ಪ್ರದೇಶ ಯಾವ ಇಸವಿಯಲ್ಲಿ ಬ್ರಿಟಿಷರ ಕೈ ಸೇರಿತು ಅನ್ನುವುದರ ಮೇಲೂ ನಿಂತಿತ್ತು. 1820ರಿಂದ 1856ರ ನಡುವೆ ಸಿಕ್ಕಿದ ಕಡೆಗಳಲ್ಲಿ ಹೆಚ್ಚಾಗಿ ಜಮೀನ್ದಾರರನ್ನು ಬಿಟ್ಟ ಪದ್ಧತಿಗಳು ಬಂದವು. ಅಂದರೆ ಮಣ್ಣಿನ ಗುಣಕ್ಕಿಂತ ಆ ಹೊತ್ತಿನ ಆಡಳಿತಗಾರರ ತಲೆಯೊಳಗಿನ ವಿಚಾರ ಒಂದು ಸೀಮೆಯ ಹಣೆಬರಹ ಬರೆಯಿತು. ಆ ವ್ಯತ್ಯಾಸವನ್ನು ಹಿಡಿದುಕೊಂಡು ಅವರು ಜಿಲ್ಲೆಗಳನ್ನು ಹೋಲಿಸಿದರು.

1950ರ ದಶಕದಲ್ಲಿ ಕಾನೂನು ಜಮೀನ್ದಾರಿಯನ್ನು ತೆಗೆದುಹಾಕಿತು. ಆದರೂ ಹಳೆಯ ಜಮೀನ್ದಾರಿ ಜಿಲ್ಲೆಗಳು ನೀರಾವರಿ, ಗೊಬ್ಬರದ ಬಳಕೆ, ಇಳುವರಿ, ಶಾಲೆ, ಆರೋಗ್ಯ ಎಲ್ಲದರಲ್ಲೂ ಹಿಂದೆ ಉಳಿದವು. ಅದಕ್ಕಿಂತ ನೋವಿನದು, ಆ ಅಂತರ ಬೆಳೆದದ್ದು 1965ರ ನಂತರ, ಹಸಿರು ಕ್ರಾಂತಿಯ ಹೊತ್ತಿಗೆ. ಹೊಸ ಬೀಜ, ಹೊಸ ಯೋಜನೆ ಬಂದಾಗ ಅದನ್ನು ಬಾಚಿಕೊಳ್ಳುವ ಶಕ್ತಿ ಅಲ್ಲಿ ಇರಲಿಲ್ಲ. ಧಣಿ ಮತ್ತು ಒಕ್ಕಲಿನ ಹಗೆ ಮುಗಿಯದ ಊರಲ್ಲಿ ಎಲ್ಲರೂ ಒಟ್ಟಾಗಿ ಶಾಲೆ, ಕಾಲುವೆ ಕೇಳುವುದು ಕಷ್ಟ.

ಕಲ್ಯಾಣ ಕರ್ನಾಟಕದ ಮಾತು ಬಂದಾಗ ನಾನು ಇದನ್ನೇ ಯೋಚಿಸುತ್ತೇನೆ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಜಾಗೀರುಗಳು ಇದ್ದವು, ಕನ್ನಡದ ಮಕ್ಕಳು ಉರ್ದುವಿನಲ್ಲಿ ಕಲಿಯಬೇಕಿತ್ತು. ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ನಂಜುಂಡಪ್ಪ ವರದಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ ವಿಧಿಯ ಬಗ್ಗೆ "371ಜೆ ಇನ್ನೆಷ್ಟು ವರ್ಷ?" ಎಂದು ಕೇಳುವವರು ಈ ಲೆಕ್ಕವನ್ನೂ ನೋಡಲಿ. ನನ್ನ ತಕರಾರು ಬೇರೆ. ಉದ್ಯೋಗ ಮೀಸಲಾತಿಯಷ್ಟೇ ಗಟ್ಟಿಯಾಗಿ ಅಲ್ಲಿನ ಪ್ರಾಥಮಿಕ ಶಾಲೆಗಳ ಖಾಲಿ ಹುದ್ದೆಗಳ ಬಗ್ಗೆ ನಮ್ಮ ಶಾಸಕರು ಸದನದಲ್ಲಿ ಜಗಳಕ್ಕೆ ನಿಲ್ಲಬೇಕು.