ಸ್ಪಷ್ಟನೆ: ತಲೆ ಸುತ್ತಿತೆಂದು ಬಿಪಿ ಮಾತ್ರೆ ಬಿಡಬೇಡಿ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು: ಎದ್ದು ನಿಂತಾಗ ತಲೆ ಸುತ್ತಿ ಎದೆ ಹೊಡೆದುಕೊಂಡರೆ ಅದು ಆಟೋಇಮ್ಯೂನ್ ಕಾಯಿಲೆ, ಬಿಪಿ ಮಾತ್ರೆ ಇವತ್ತೇ ಬಿಡಿ. ಮೊದಲರ್ಧ ಅರೆಸತ್ಯ, ಎರಡನೆಯದು ಅಪಾಯ.

ದೇಹದ ರಕ್ಷಣಾ ವ್ಯವಸ್ಥೆಯೇ ಬಿಪಿ, ಎದೆಬಡಿತಗಳನ್ನು ತಾವಾಗಿಯೇ ನಡೆಸುವ ಸ್ವಾಯತ್ತ ನರಗಳ ಮೇಲೆ ತಿರುಗಿಬೀಳುವುದುಂಟು; ಶೋಗ್ರೆನ್, ಗಿಯಾನ್-ಬಾರೆ ಎಂಬ ಆಟೋಇಮ್ಯೂನ್ ಕಾಯಿಲೆಗಳಲ್ಲಿ ಹೀಗಾಗಬಹುದು. ಆದರೆ ಸಕ್ಕರೆ ಕಾಯಿಲೆ, ನೀರಿನ ಕೊರತೆ (ನಮ್ಮೂರ ಏಪ್ರಿಲ್ ಬಿಸಿಲೇ ಸಾಕು), ಬಿಪಿ ಮಾತ್ರೆಯ ಹೆಚ್ಚಾದ ಡೋಸ್ ಇದಕ್ಕಿಂತ ಸಾಮಾನ್ಯ ಕಾರಣಗಳು.

5 ನಿಮಿಷ ಮಲಗಿ ಬಿಪಿ, ನಾಡಿ ನೋಡಿ. ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಕ್ಲೋನಿಡಿನ್ ಎಂಬ ಬಿಪಿ ಮಾತ್ರೆಯನ್ನು ಥಟ್ಟನೆ ಬಿಟ್ಟರೆ 1ರಿಂದ 3 ದಿನದೊಳಗೆ ಬಿಪಿ ಜಿಗಿಯಬಹುದು, ಬೆವರು, ನಡುಕ ಬರಬಹುದು. 'ನೋಡಿ, ನರದ ಕಾಯಿಲೆಯೇ' ಎಂದು ಜನ ತೋರಿಸುವುದು ಕೆಲವೊಮ್ಮೆ ಇದನ್ನೇ! ಪ್ರೊಪ್ರನೊಲೋಲ್, ಅಟೆನೊಲೋಲ್ ಎಂಬ ಬಿಪಿ ಮಾತ್ರೆಗಳನ್ನೂ ವೈದ್ಯರು ಸಾಮಾನ್ಯವಾಗಿ 1–2 ವಾರದಲ್ಲಿ ತಗ್ಗಿಸುತ್ತ ನಿಲ್ಲಿಸುತ್ತಾರೆ; ಹೃದ್ರೋಗಿಗಳು ಏಕಾಏಕಿ ಬಿಟ್ಟರೆ ಹೃದಯಾಘಾತವಾಗಬಹುದು. ಆಟೋಇಮ್ಯೂನ್ ಕಾಯಿಲೆಗಳಿಗೆ ಕೊಡುವ ಸ್ಟೆರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಅನ್ನು 3 ವಾರ ಮೀರಿ ತಿಂದವರಲ್ಲಿ ಅಡ್ರಿನಲ್ ಗ್ರಂಥಿಯ (ದೇಹದ ಸ್ವಂತ ಸ್ಟೆರಾಯ್ಡ್ ತಯಾರಿಸುವ ಗ್ರಂಥಿ) ಕೆಲಸ ಕುಂದಿರುವ ಸಾಧ್ಯತೆಯಿದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿಯಬಹುದು.