ಅವ್ವನಿಗೆ ‘ನೀ ಸುಮ್ನೆ ಕುಂದ್ರು’ ಅನ್ನೋದು ಬಿಟ್ಟಿದ್ದೇನೆ

ನಮ್ಮ ಕಡೆ ವಯಸ್ಸಾದವರಿಗೆ ಎಲ್ಲರೂ ಪ್ರೀತಿಯಿಂದ ಹೇಳೋ ಮಾತು ಒಂದಿದೆ. "ಇಷ್ಟು ದಿನ ದುಡದೀರಿ, ಇನ್ನ ಸುಮ್ನೆ ಕುಂದ್ರಿ." ವಿಜಯಪುರದ ಯಾವ ಓಣಿಗೆ ಹೋದರೂ ಕೇಳುತ್ತದೆ. ನಾನೂ ಮೂರು ವರ್ಷ ಇದನ್ನೇ ಹೇಳಿದೆ. ಆ ಮಾತೇ ನಮ್ಮ ಅವ್ವನ ಕಾಲಿನ ಶಕ್ತಿ ತಿಂದು ಹಾಕಿತು ಅಂತ ಈಗ ನನಗೆ ಖಾತ್ರಿಯಾಗಿದೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಂಡಿ ಹತ್ತಿರದ ಹಳ್ಳಿಯಿಂದ ಇಲ್ಲಿಗೆ ಕರೆತಂದೆವು. ಆಗ ಆಕೆಗೆ 71. ಊರಲ್ಲಿ ಇರುವಾಗ ನಸುಕಿನಲ್ಲಿ ಎದ್ದು ಅಂಗಳ ಕಸ ಹೊಡೆದು, ಎಮ್ಮೆಗೆ ನೀರಿಟ್ಟು, ನೆಲದ ಮೇಲೆ ಕೂತು ಹತ್ತು ಹನ್ನೆರಡು ರೊಟ್ಟಿ ಬಡಿದು, ಬಿಸಿಲು ಏರೋದರೊಳಗೆ ಹೊಲಕ್ಕೊಂದು ಸುತ್ತು ಹೋಗಿಬರುತ್ತಿದ್ದಳು. ಇಲ್ಲಿ ಕಸಕ್ಕೆ ಕೆಲಸದಾಕೆ, ರೊಟ್ಟಿ ಅಂಗಡಿಯಿಂದ, ನೀರೂ ಕುರ್ಚಿಗೇ ಬರುತ್ತಿತ್ತು. ಅವ್ವ ಟಿವಿ ಮುಂದೆ ಕೂತಳು. ನಾವು ಸುಖವಾಗಿ ಇಟ್ಟಿದ್ದೇವೆ ಅಂದುಕೊಂಡೆವು.

ಹೋದ ವರ್ಷ ಒಂದು ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದಳು. ಎಲುಬು ಮುರಿಯಲಿಲ್ಲ, ದೇವರು ದೊಡ್ಡವನು, ಮುಂಗೈ ಬಾತುಕೊಂಡಿತ್ತು ಅಷ್ಟೇ. ಡಾಕ್ಟರ್ ಕೈ ನೋಡಿದ ಮೇಲೆ ಹೇಳಿದರು, "ಅಮ್ಮಾರ, ಕೈ ಊರದ ಕುರ್ಚಿಯಿಂದ ಏಳ್ರಿ." ಅವ್ವ ಎರಡೂ ಕೈ ಎದೆಗೆ ಕಟ್ಟಿಕೊಂಡು ಮುಂದಕ್ಕೆ ಬಾಗಿದಳು. ತೊಡೆ ನಡುಗಿದವು. ಅರ್ಧಕ್ಕೆ ಎದ್ದು ಧೊಪ್ಪನೆ ಕೂತಳು. ಇನ್ನೊಂದು ಸಲವೂ ಹಾಗೇ ಆಯಿತು. ನನ್ನ ಕಡೆ ನೋಡಿ ನಾಚಿಕೊಂಡು ನಕ್ಕಳಲ್ಲ, ಆ ನಗು ನನಗೆ ಇನ್ನೂ ಮರೆಯೋಕೆ ಆಗಿಲ್ಲ. ಎರಡು ಕೊಡ ನೀರು ಒಟ್ಟಿಗೆ ಹೊತ್ತವಳು ಆಕೆ. ನಾನು ಸಾಲಿ ಹುಡುಗನಿದ್ದಾಗ ನನ್ನ ಕೈ ಹಿಡಿದು ಗೋಳಗುಮ್ಮಟದ ಏಳೂ ಅಂತಸ್ತು ಹತ್ತಿಸಿದವಳು.

ವಯಸ್ಸಾದ ಹಾಗೆ ಸ್ನಾಯು ಕರಗೋದು ಎಲ್ಲರಿಗೂ ಇದ್ದದ್ದೇ, 60 ದಾಟಿದ ಮೇಲೆ ಜಾಸ್ತಿ. ಆದರೆ ಕೂತರೆ ಅದು ಎಷ್ಟು ಬೇಗ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದು ನೋಡಿದ್ದಾರೆ, ಕಾಲಲ್ಲೇ ಒಂದು ಕೆಜಿ ಹತ್ತಿರ ಸ್ನಾಯು ಕರಗಿತ್ತು! ಹೋದದ್ದು ತಿರುಗಿ ಬರುತ್ತದೆ ಅನ್ನೋದೂ ಅಷ್ಟೇ ನಿಜ. 90ರ ಆಸುಪಾಸಿನವರೂ ಎಂಟು ವಾರ ತೂಕ ಎತ್ತುವ ಅಭ್ಯಾಸ ಮಾಡಿ ಕಾಲಿಗೆ ಬಲ ತಂದುಕೊಂಡಿದ್ದಾರೆ. ‘ಈ ವಯಸ್ಸಿಗೆ ಇನ್ನೇನು’ ಅನ್ನೋರಿಗೆ ನಾನು ಇದನ್ನೇ ಹೇಳುತ್ತೇನೆ.

ನಾವು ಮಾಡಿದ್ದು ದೊಡ್ಡದೇನೂ ಅಲ್ಲ. ಗೋಡೆಗೆ ಒತ್ತಿ ಒಂದು ಗಟ್ಟಿ ಕುರ್ಚಿ ಇಟ್ಟೆವು. ಮೊದಲು ಕೈ ಊರಿ ಏಳೋದು ಕೂಡೋದು, ದಿನಕ್ಕೆ ಎರಡು ಹೊತ್ತು, ಐದೈದು ಸಲ. ಆಮೇಲೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಕಾಲಲ್ಲಿ ನಿಲ್ಲೋದು. ವಾರಕ್ಕೆ ಮೂರು ದಿನವಾದರೂ ಕಾಲಿನ ಬಲಕ್ಕೆ, ತೋಲ ತಪ್ಪದೆ ನಿಲ್ಲೋದಕ್ಕೆ ಇಂಥ ಅಭ್ಯಾಸ ಬೇಕು, ಅದರ ಜೊತೆ ವಾರಕ್ಕೆ ಒಟ್ಟು 150 ನಿಮಿಷವಾದರೂ ಚುರುಕಾದ ನಡಿಗೆ, ಇದು 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋ ಲೆಕ್ಕ. ಅವ್ವ ಶುರು ಮಾಡಿದ್ದು ಐದು ನಿಮಿಷದಿಂದ. "ನಡೆದರ ಮೊಣಕಾಲು ಸವೀತಾವ" ಅಂತ ಹೆದರಿಕೆ ಬೇರೆ. ಮೊಣಕಾಲು ನೋವಿಗೆ ಮೊದಲು ಹೇಳೋ ಮದ್ದೇ ವ್ಯಾಯಾಮ ಅಂತ ಡಾಕ್ಟರ್ ಬಾಯಿಂದಲೇ ಹೇಳಿಸಬೇಕಾಯಿತು.

ಊಟದಲ್ಲೂ ನಾವು ತಪ್ಪಿದ್ದೆವು. ಹಲ್ಲು ಹೋದ ಮೇಲೆ ಅಂಗಡಿಯ ಕಡಕ್ ರೊಟ್ಟಿ, ಕಾಳು ಪಲ್ಯ ಆಕೆಗೆ ಅಗಿಯೋಕೆ ಆಗುತ್ತಿರಲಿಲ್ಲ. ಯಾರಿಗೂ ಹೇಳದೆ ಬರೀ ಅನ್ನ ಸಾರಿಗೆ ಇಳಿದಿದ್ದಳು. ಶುಗರ್ ಇಲ್ಲ, ಬಿಪಿ ಹಿಡಿತದಲ್ಲಿದೆ, ಅಷ್ಟು ಸಾಕು ಅಂತ ನಾವಿದ್ದೆವು. ವಯಸ್ಸಾದವರಿಗೆ ದಿನಕ್ಕೆ ಮೈತೂಕದ ಕೆಜಿಗೆ ಒಂದು ಗ್ರಾಂನಿಂದ 1.2 ಗ್ರಾಂ ಪ್ರೋಟೀನ್ ಬೇಕಂತೆ. ಅವ್ವ 50 ಕೆಜಿ, ಅಂದರೆ 50-60 ಗ್ರಾಂ. ಅನ್ನ ಸಾರಿನಲ್ಲಿ ಎಲ್ಲಿಂದ ಬರಬೇಕು? ಈಗ ಹಲ್ಲಿನ ಸೆಟ್ ಆಗಿದೆ. ಮೆತ್ತಗೆ ಬೇಯಿಸಿದ ಮಡಿಕೆ ಕಾಳು, ಝುಣಕ, ಗಟ್ಟಿ ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ (ಚಟ್ನಿಪುಡಿ) ದಿನಾ ಇರುತ್ತದೆ. ಪ್ರೋಟೀನ್ ಡಬ್ಬಿಗೆ ಸಾವಿರಗಟ್ಟಲೆ ಕೊಡೋ ಮೊದಲು ನಮ್ಮ ಹಿಂಡಿ ಡಬ್ಬಿ ತೆಗೆದು ನೋಡಿ ಮಾರಾಯ್ರೆ. (ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.)

ನೀರಿನ ವಿಷಯವೂ ಹೇಳಿಬಿಡುತ್ತೇನೆ. ವಯಸ್ಸಾದ ಮೇಲೆ ನೀರಡಿಕೆ ತಾನಾಗಿ ಗೊತ್ತಾಗೋದು ಕಡಿಮೆ, ಅದರ ಮೇಲೆ ಏಳಬೇಕಾಗುತ್ತೆ ಅಂತ ಬೇಕಂತಲೇ ಕುಡಿಯೋದಿಲ್ಲ. ನಮ್ಮ 40 ಡಿಗ್ರಿ ಬಿಸಿಲಲ್ಲಿ ಅದು ಸಣ್ಣ ಮಾತಲ್ಲ. ಅದಕ್ಕೇ ಹಗಲು ಹೊತ್ತಲ್ಲೇ ನೀರು, ಮಜ್ಜಿಗೆ ಕೊಡುತ್ತೇವೆ. ಬಿಪಿ ಗುಳಿಗೆ ತಗೊಳ್ಳೋರು ಒಮ್ಮೆಲೇ ಎದ್ದರೆ ತಲೆ ತಿರುಗಬಹುದು, ಹಾಗಾಗಿ ರಾತ್ರಿ ಎದ್ದಾಗ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಆಮೇಲೆ ಹೆಜ್ಜೆ ಇಡುತ್ತಾಳೆ. ದಾರಿಯಲ್ಲಿ ಸಣ್ಣ ದೀಪ, ಬಾತ್‌ರೂಮಿನ ಗೋಡೆಗೆ ಒಂದು ಹಿಡಿಕೆ. ಇವು ಬೀಳೋ ಮೊದಲೇ ಇರಬೇಕಿತ್ತು.

ನಾಲ್ಕನೇ ತಿಂಗಳಿಗೆ ಕೈ ಊರದೆ ಎದ್ದಳು. ಈಗ ಬೆಳಿಗ್ಗೆ ಗೋಳಗುಮ್ಮಟದ ತೋಟದಲ್ಲಿ ನನ್ನ ಜೊತೆ ನಡೆಯುತ್ತಾಳೆ, ಅಲ್ಲಿ ಮೂವರು ಗೆಳತಿಯರೂ ಸಿಕ್ಕಿದ್ದಾರೆ. ಗುಳಿಗೆಗಿಂತ ಅವರ ಮಾತೇ ಆಕೆಗೆ ಹೆಚ್ಚು ಹಿಡಿಸಿದೆ. ಮನೆಗೆ ಬಂದು ನಾಲ್ಕೇ ನಾಲ್ಕು ರೊಟ್ಟಿ, ಕಟ್ಟೆ ಮುಂದೆ ನಿಂತುಕೊಂಡೇ ಬಡಿಯುತ್ತಾಳೆ.

ಮೊನ್ನೆ ದೊಡ್ಡಪ್ಪನ ಮಗ ಬಂದಿದ್ದ. "ಈ ವಯಸ್ಸಿನ್ಯಾಗ ಚಿಗವ್ವನ ಕೈಲೆ ರೊಟ್ಟಿ ಮಾಡಸ್ತೀರೇನೋ?" ಅಂತ ನನಗೆ ಬೈದ. ನಾನು ಬಾಯಿ ತೆಗೆಯೋದರೊಳಗೆ ಒಳಗಿಂದ ಅವ್ವನ ದನಿ ಬಂತು.

"ತಮ್ಮಾ, ನೀ ಕುಂದ್ರು. ಬಿಸಿ ರೊಟ್ಟಿ ನಾನ ತಂದು ನೀಡ್ತೀನಿ."